ನಾಲ್ಕನೆಯ ಮೇಣದಬತ್ತಿ

ಡುಲೂತ್ ಊರಿನ ಬೇಕರಿಯಲ್ಲಿ ಬ್ರೆಡ್ಡಿಗೆ ಕಾಯುತ್ತಿದ್ದ ಲೋರ್ನಾಳ ಮುಂದೆ ಇಬ್ಬರು ಗಂಡಸರು ಕೇಕಿನ ಗಾಜಿಗೆ ಮೂಗು ತಾಗಿಸಿ ನಿಂತಿದ್ದರು.

“ನಮ್ಮ ಪುಟ್ಟಿ ಜೂನ್‌ಗೆ ಬಾತುಕೋಳಿ ಕೇಕೇ ಆಗ್ಬೇಕಂತೆ ಕಣೋ ವೆಂಡೆಲ್,” ಎಂದ ಉದ್ದನೆಯವನು.

“ಆಗ್ಲಿ ಎಮಿಲ್. ನಾಲ್ಕು ಮೇಣದಬತ್ತೀನೂ ತಗೋ,” ಎಂದ ಗಡ್ಡದವನು.

“ನಾಲ್ಕು ಬೇಡ. ಹುಟ್ಟಿದ ದಿನಕ್ಕೆ ಅವಳು ಹೆತ್ತಮ್ಮನ ಹತ್ರ ಇರ್ತಾಳೆ. ಆ ನಾಲ್ಕು ಹಚ್ಚೋದು ಅಮ್ಮನ ಪಾಲಿಂದು.”

“ಸಾಕೋಕೆ ಅಂತ ಕೊಟ್ಟ ಮಗು, ಕೋರ್ಟು ವಾಪಸ್ ಕೊಡಿ ಅಂದ್ರೆ ಕೊಡ್ಬೇಕು, ಸರಿ. ಹಾಗಂತ ನಾವು ಹುಟ್ಟುಹಬ್ಬಾನೇ ಮಾಡ್ಬಾರ್ದಾ?”

“ಮಾಡೋಣ, ಹೋದ ವರ್ಷದ್ದು. ಆಗಿನ್ನೂ ನಮ್ಮನೆಗೆ ಬಂದಿರ್ಲಿಲ್ವಲ್ಲ, ಯಾರೂ ಏನೂ ಮಾಡ್ಲಿಲ್ವಂತೆ. ಮೂರೇ ಹಚ್ಚೋಣ.”

ವೆಂಡೆಲ್ ಗಡ್ಡ ಕೆರೆದುಕೊಂಡ. “ಲೋ, ಅವಳಿಗೆ ನಾಲ್ಕರ ತನಕ ಎಣಿಸೋಕೆ ಬರುತ್ತೆ. ಕಲಿಸಿದವನು ನೀನೇ.”

“ಇನ್ನೊಂದು ಅಮ್ಮನ ಮನೇಲಿದೆ ಪುಟ್ಟಿ, ಅಂದ್ರಾಯ್ತು.”

“ಹಾಗಾದ್ರೆ ನೀನೇ ಹೇಳು.”

“ನನ್ನ ಕೈಲಾಗಲ್ಲ ಮಾರಾಯ. ನೀನು ಹೇಳು.”

“ಇಬ್ಬಿಬ್ರು ಅಪ್ಪಂದಿರು ನಾವು. ಒಬ್ಬನಿಗೂ ಧೈರ್ಯ ಇಲ್ಲ ನೋಡು.”

ಅಂಗಡಿಯವಳು ಮೂರು ಬತ್ತಿ ಎಣಿಸಿ ಕೊಟ್ಟಳು. ಕೇಕಿನ ಪೆಟ್ಟಿಗೆ ಚಿಕ್ಕದು, ಒಂದೇ ಕೈಗೆ ಹಗುರ. ಇಬ್ಬರೂ ಒಂದೊಂದು ತುದಿ ಹಿಡಿದು, ಬಾಗಿಲಲ್ಲಿ ಅಡ್ಡಡ್ಡ ಸರಿದು, ಹೊರಗೆ ನಡೆದರು.