ಮಾತಾಡೋಕೆ ಸಂಬಳ

ವೀಸಾ ಕಚೇರಿಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯ ಕಿವಿ, ಬೇಡವೆಂದರೂ, ಪಕ್ಕದಲ್ಲಿದ್ದ ಅಣ್ಣ-ತಂಗಿಯತ್ತಲೇ ಹೋಯಿತು.

“ಆ ಪರದೇಶದ ಸ್ಕೂಲಲ್ಲಿ ನೀನೇನು ಕಡಿದು ಕಟ್ಟೆ ಹಾಕ್ತೀಯ?”

“ಭಾಷಾ ಸಹಾಯಕಿ, ಅಣ್ಣ. ಪಾಠ ಟೀಚರ್ ಮಾಡ್ತಾರೆ. ನಾನು ನಮ್ಮ ಭಾಷೆ ಕಲಿಯೋ ಮಕ್ಕಳ ಜೊತೆ ಅದರಲ್ಲೇ ಮಾತಾಡ್ತಾ ಇರ್ಬೇಕು, ಅಷ್ಟೇ.”

“ಮಾತಾಡೋಕೆ ಸಂಬಳನಾ! ಅದೂ ನಿನಗೆ! ಮನೇಲಿ ನಿನ್ನ ಬಾಯಿಂದ ಒಂದು ಪೂರ್ತಿ ಮಾತು ಬಂದಿದ್ದು ನಾ ಕಾಣೆ.”

“ನಾನು ಶುರು ಮಾಡಿದ್ದನ್ನೆಲ್ಲ ನೀನೇ ಮುಗಿಸ್ತೀಯಲ್ಲ.”

“ನಿನ್ನ ಒಳ್ಳೇದಕ್ಕೇ ಕಣೆ. ಹೋದ ವರ್ಷ ಇಂಟರ್‌ವ್ಯೂಗೂ ಜೊತೆಗೆ ಬಂದು ನಾನೇ ಮಾತಾಡ್ಲಿಲ್ವಾ?”

“ಮಾತಾಡಿದೆ. ಕೆಲಸ ಬೇಕಾಗಿರೋದು ನಿಮಗಾ ಅಂತ ಅವರು ನಿನ್ನನ್ನೇ ಕೇಳಿದ್ರು.”

ದರ್ಜಿ ಕೆಮ್ಮಿ ನಗು ನುಂಗಿಕೊಂಡ.

“ಆಗ್ಲೇ ನಾಲಿಗೆ ಉದ್ದ ಆಯ್ತು ನೋಡು. ಒಳಗೆ ಆಫೀಸರ್ ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಡ್ತೀನಿ. ನೀನು ತೆಪ್ಪಗಿರು.”

ಅಷ್ಟರಲ್ಲಿ ಅವರ ಸರದಿ ಬಂತು. ಇಬ್ಬರೂ ಎದ್ದು ಹೋದರು. ಬಾಗಿಲಲ್ಲಿದ್ದ ಗುಮಾಸ್ತ ಕೈ ಅಡ್ಡ ಹಿಡಿದ.

“ಒಬ್ಬರೇ ಒಳಗೆ. ಕೆಲಸಕ್ಕೆ ಹೋಗ್ತಿರೋದು ಯಾರು?”

ಅಣ್ಣ ಬಾಯಿ ತೆರೆದ.

“ನಾನು,” ಅಂದಳು ತಂಗಿ. “ಇವನು ಹೊರಗೆ ತೆಪ್ಪಗೆ ಕೂತಿರ್ತಾನೆ.”