ನಾಲ್ಕುನೂರ ಎಪ್ಪತ್ತು ಹೆಜ್ಜೆ

ಆ ಬೆಳಿಗ್ಗೆ ಗಾಳಿ ಎಂಬುದೇ ಇರಲಿಲ್ಲ ನೋಡಿ. ಇನ್ನೂ ಎಂಟು ಹೊಡೆದಿರಲಿಲ್ಲ, ಬಿಸಿಲು ಆಗಲೇ ಬೀದಿಯ ಎರಡೂ ಬದಿ ತುಂಬಿಕೊಂಡಿತ್ತು. ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಂಥ ಬೆಳಿಗ್ಗೆ ಒಂದು ಪಟ್ಟಣದಲ್ಲಿ ಒಬ್ಬ ಸರ್ವೇಯರ ಬಾಡಿಗೆ ಮನೆ ಹುಡುಕುತ್ತ ನಡೆದಿದ್ದ. ಈ ಮಠದಲ್ಲಿ ಕೂತು ಶ್ರೀಮಂತನ ಕಥೆ ಹೇಳಿ ಹೇಳಿ ನನಗೂ ಸಾಕಾಗಿದೆ. ಶ್ರೀಮಂತನ ಕಥೆ ಹೇಳಿದರೆ ನೀವು ಪಕ್ಕದವರ ಮುಖ ನೋಡುತ್ತೀರಿ. ಇವನು ಶ್ರೀಮಂತನಲ್ಲ, ತಿಂಗಳ ಸಂಬಳದವನು, ನಮ್ಮ ನಿಮ್ಮಂಥವನು.

ವರ್ಗವಾಗಿ ಬಂದ ಮೇಲೆ ಅದು ಮೂರನೆಯ ಭಾನುವಾರ. ಹೊಲ ಅಳೆದು ದಣಿದ ಕಾಲು, ಈಗ ಓಣಿ ಓಣಿ ಸುತ್ತಿ ದಣಿಯುತ್ತಿತ್ತು. ಹಳೆಯ ಊರಿನಲ್ಲಿ ಬಿಟ್ಟು ಬಂದ ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಅದು ನಮ್ಮ ರೂಢಿ. ಆದರೆ ತವರು ಅನ್ನಬೇಕಾದರೆ ತಾಯಿ ಇರಬೇಕಲ್ಲವೇ? ಆಕೆಗೆ ತಾಯಿ ಇಲ್ಲ. ಇವನಿಗೂ ಇಲ್ಲ. ಇವನೋ ಬೆಳಗಾದರೆ ಹತ್ತು ಹರದಾರಿ ದೂರದ ಹೊಲದಲ್ಲಿರುವವನು. ನೋವು ಬಂದಾಗ ಆಕೆಯ ಗತಿ ಏನು? ಅವನ ತಲೆಯಲ್ಲಿದ್ದದ್ದು ಈ ಒಂದೇ ಪ್ರಶ್ನೆ.

ಹಳೆಯ ಓಣಿಯೊಂದರಲ್ಲಿ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಇಲ್ಲಿ ಮನಿ ಖಾಲಿ ಐತಂತಲ್ಲ ಅವ್ವಾ?”

“ಐತಿ. ಮೊದಲ ಕುಂದ್ರು. ಮಾರಿ ನೋಡಿಕೋ, ಬಾಡಿದ ಬದನಿಕಾಯಿ ಆಗೇತಿ. ಯಾವೂರು? ಯಾರ ಪೈಕಿ? ಹೆಂಡ್ತಿ ಎಲ್ಲಿ?”

ಹೇಳಿದ. ಏಳು ತಿಂಗಳು ಎಂದದ್ದೇ ತಡ, ಮೊರ ಕೆಳಗಿಟ್ಟಳು.

“ಏಳಾ? ಮತ್ತ ಆಕಿಗೆ ಹುಣಸಿಕಾಯಿ ತಂದು ಕೊಡೂದು ಬಿಟ್ಟು ನೀ ಇಲ್ಲಿ ಬಿಸಲಾಗ ಏನು ಮಾಡಾಕತ್ತಿ?”

ಅಷ್ಟರಲ್ಲಿ ಎದುರಿನವಳು ಮಜ್ಜಿಗೆ ತಂದಳು, ಆಚೆ ಮನೆಯವನು ಬಂದು ನಿಂತ, ಎಲ್ಲರೂ ಕೇಳುವವರೇ. ಸಂಬಳ ಎಷ್ಟು ಎಂದೂ ಕೇಳಿದರು ನೋಡಿ! ಇವನ ಕಣ್ಣು ಮಾತ್ರ ಗೋಡೆಯ ಮೇಲಿತ್ತು. ಎರಡು ಮನೆಗೆ ಒಂದೇ ನಡುಗೋಡೆ. ಹನ್ನೊಂದು ವರ್ಷ ಅವನು ಅಂಥ ಗೋಡೆಗಳ ನಡುವೆಯೇ ಸರಪಳಿ ಹಿಡಿದು ನಿಂತವನು. ಗೇಣು ನೆಲಕ್ಕಾಗಿ ಅಣ್ಣತಮ್ಮಂದಿರು ಅಂಗಿ ಹರಿದುಕೊಂಡದ್ದನ್ನು, ಗಡಿಯ ಬಾಂದುಕಲ್ಲು ಕಿತ್ತು ಒಬ್ಬರ ಮೇಲೊಬ್ಬರು ಎತ್ತಿದ್ದನ್ನು ಕಂಡವನು. ನಮಗೆ ನೆರೆ ಎಂದರೆ ನೆರೆ. ಅವನಿಗೆ ನೆರೆ ಎಂದರೆ ಒಂದು ತಕರಾರು ಅರ್ಜಿ.

ಅವನು ಎದ್ದ. ಅಜ್ಜಿ ಒಂದು ಸ್ಟೀಲಿನ ಡಬ್ಬಿಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿ ಕೈಯಲ್ಲಿಟ್ಟಳು. “ಮನಿ ಹಿಡಿ, ಬಿಡು, ಅದು ನಿನ್ನ ಮರ್ಜಿ. ಡಬ್ಬಿ ತಿರುಗಿ ತಾ. ಬರಿ ಡಬ್ಬಿ ತರಬ್ಯಾಡ ಮತ್ತ.”

ಅವನು ಹಿಡಿದದ್ದು ಹೊಸ ಬಡಾವಣೆಯ ಮನೆ. ಮನೆಗೂ ಮನೆಗೂ ನಡುವೆ ಹತ್ತಡಿ ಜಾಗ, ಸುತ್ತ ಕಾಂಪೌಂಡು, ಮುಂದೆ ಗೇಟು. ಮುಂಗಡ ಕೊಡುವ ಮೊದಲು ಅವನು ಏನು ಮಾಡಿದ ಗೊತ್ತೇ? ಗೇಟಿನಿಂದ ಹೊರಟು, ಪಕ್ಕದ ಮನೆಯ ಗೋಡೆಗುಂಟ, ತುಟಿಯಲ್ಲೇ ಎಣಿಸುತ್ತ, ಒಂದೇ ಅಳತೆಯ ಹೆಜ್ಜೆ ಹಾಕುತ್ತ ಹೆರಿಗೆ ಆಸ್ಪತ್ರೆಯ ತನಕ ನಡೆದ. ನಾಲ್ಕುನೂರ ಎಪ್ಪತ್ತು ಹೆಜ್ಜೆ. ಜೇಬಿನ ಚೀಟಿಯಲ್ಲಿ ಬರೆದುಕೊಂಡ. ಅವನ ಎದೆ ಹಗುರಾಯಿತು. ಹೆಂಡತಿಯನ್ನು ಕರೆತಂದ.

ಮೂರು ವಾರ ಕಳೆಯಿತು. ಯಾರೂ ಬಂದು ಏನನ್ನೂ ಕೇಳಲಿಲ್ಲ. ಆಹಾ, ಎಂಥ ನೆಮ್ಮದಿ ಎಂದುಕೊಂಡ.

“ಹಾಲಿನಾವನ್ನ ಬಿಟ್ಟರ ನನ್ನ ಕೂಡ ಮಾತಾಡೋರು ಇಲ್ಲರೀ ಇಲ್ಲಿ” ಎಂದಳು ಹೆಂಡತಿ. “ಆ ಅಜ್ಜಿ ಡಬ್ಬಿನಾದ್ರೂ ಕೊಟ್ಟು ಬರ್ರಿ.”

“ಒಂದು ಡಬ್ಬಿ. ಮುದುಕಿ ಮರತಿರತಾಳ ಬಿಡು.”

ಡಬ್ಬಿ ಅಡುಗೆಮನೆಯ ನಾಗೊಂದಿಗೆಯ ಮೇಲೆ ಕೂತೇ ಇತ್ತು.

ಒಂದು ಮಧ್ಯಾಹ್ನ ಆಕೆ ಹಿತ್ತಲ ತೊಟ್ಟಿಯ ಬಳಿ ತಲೆ ಸುತ್ತಿ ಕುಸಿದಳು. ಏಳಲು ಆಗಲಿಲ್ಲ. ಪಕ್ಕದ ಮನೆಯಾಕೆ ತನ್ನ ಹಿತ್ತಲ ಬಾಗಿಲಿಗೆ ಬಂದದ್ದು ಕಂಡಿತು. ನಿಂತಳು, ನೋಡಿದಳು, ಒಳಗೆ ಹೋಗಿಬಿಟ್ಟಳು. ಸಂಜೆ ಐದಕ್ಕೆ ಗಂಡ ಬರುವ ತನಕ ಆಕೆ ಆ ಒದ್ದೆ ಕಲ್ಲಿನ ಮೇಲೇ ಕೂತಿದ್ದಳು.

ಅವನಿಗೆ ಸಿಟ್ಟು ಬಂತು. ಎಂಥ ಓಣಿ ಇದು, ಎಂಥ ಮಂದಿ! ಮನೆ ಬದಲಿಸುವುದೇ ಸರಿ. ಡಬ್ಬಿ ತೊಳೆದು ಹಿಡಿದುಕೊಂಡು ಅಜ್ಜಿಯ ಓಣಿಗೆ ಹೋದ. ಆ ಮನೆಗೆ ಬೇರೆಯವರು ಬಂದಾಗಿತ್ತು. ಅಜ್ಜಿ ಡಬ್ಬಿ ತೆರೆದಳು. ಒಳಗೆ ನೋಡಿದಳು. ಇವನ ಮುಖ ನೋಡಿದಳು. ಇವನು ನಡೆದದ್ದನ್ನೆಲ್ಲ ಹೇಳಿಕೊಂಡ.

“ಆಕಿ ಹೆಸರೇನು?”

“ಯಾರದು?”

“ನಿನ್ನ ಮಗ್ಗಲ ಮನಿ ಹೆಣಮಗಳದು.”

ಅವನಿಗೆ ಗೊತ್ತಿರಲಿಲ್ಲ.

“ಮಜ್ಜಿಗಿ ಕುಡಿದು ಮುಗಸೂದ್ರಾಗ ನಾ ನಿನ್ನ ಏಳು ತಲಿ ಕೇಳಿದ್ದೆ. ಮೂರು ವಾರದಾಗ ನಿನಗ ಒಂದು ಹೆಸರು ಕೇಳೂದು ಆಗಲಿಲ್ಲೇನು ತಮ್ಮಾ?” ಅಜ್ಜಿ ಮುಚ್ಚಳ ತನ್ನ ಮಡಿಲಲ್ಲಿಟ್ಟುಕೊಂಡು ಬರೀ ಡಬ್ಬಿಯನ್ನು ತಿರುಗಿ ಕೊಟ್ಟಳು. “ಮುಚ್ಚಳಾ ಇಲ್ಲಿರಲಿ. ಡಬ್ಬಿ ಆಕಿ ಮನಿಗೆ ಹೋಗಿ ಬರಲಿ. ತುಂಬಿ ಹೋಗಬೇಕು, ತುಂಬಿ ಬರಬೇಕು. ಆಮ್ಯಾಲ ತಗೊಂಬಾ.”

ಹೆಂಡತಿ ಸಾವಕಾಶವಾಗಿ ಕೂತು ಗೋದಿ, ಬೆಲ್ಲದ ಮಾದಲಿ ಮಾಡಿದಳು. ಮುಚ್ಚಳವಿಲ್ಲದ ಡಬ್ಬಿ ಹಿಡಿದು ಅವನು ಪಕ್ಕದ ಗೇಟಿನ ಮುಂದೆ ನಿಂತ. ಹತ್ತಡಿ ನಡೆಯಲು ಅವನಿಗೆ ಅಷ್ಟು ದಿನ ಹಿಡಿದಿತ್ತು. ಒಳಗಿಂದ ಐವತ್ತರ ಆಸುಪಾಸಿನ ಹೆಂಗಸು ಬಂದಳು. ಮುಖ ಬಿಳಿಚಿತ್ತು.

“ನೋಟೀಸ ತಂದೀರೇನ್ರಿ ಸಾಹೇಬ್ರ?”

“ಇಲ್ರಿ, ಮಾದಲಿ ತಂದೀನಿ. ಎದರ ನೋಟೀಸರೀ?”

“ಗೋಡಿದು. ನಮ್ಮ ಮನಿಯವರು ಇದ್ದಾಗ ಕಟ್ಟಿಸಿದ್ದು, ಒಂದು ಮೊಳ ರಸ್ತೆಕ ಬಂದೈತಿ. ನೀವು ಬಂದ ದಿನಾನ ಗೋಡಿಗುಂಟ ಹೆಜ್ಜಿ ಎಣಸಕೋತ ಹೋದ್ರಿ. ಸರ್ವೇಯರ ಬಂದಾನ, ಅಳದು ಒಡಸ್ತಾನ ಅಂತ ಇಡೀ ಸಾಲು ಬಾಗಲಾ ಹಾಕ್ಕೊಂಡೈತಿ.”

“ಅದು… ದವಾಖಾನಿಗೆ ಎಷ್ಟು ದೂರ ಅಂತ ಅಳದದ್ದರೀ ಯವ್ವಾ. ಆಕಿ ಸಲುವಾಗಿ.”

ಹೆಂಗಸು ಗೇಟಿನ ಸರಳು ಹಿಡಿದು ನಿಂತಳು. “ಆ ದಿನ ಆಕಿ ಕುಸದು ಕುಂತಾಗ ಚಪ್ಪಲಿ ಮೆಟ್ಟಿದ್ದೆ. ಮತ್ತ ಬಿಚ್ಚಿದೆ. ಗೋಡಿಗೆ ಅಂಜಿ ಬಿಚ್ಚಿದೆ. ಅವತ್ತಿಂದ ತುತ್ತು ಗಂಟಲಾಗ ಇಳದಿಲ್ಲ.” ಆಮೇಲೆ ಗೇಟು ತೆಗೆದಳು. ಅವನು ಡಬ್ಬಿ ಕೈಗಿಟ್ಟು ಹೆಸರು ಕೇಳಿದ. “ನನ್ನ ಹೆಸರು ಇಂದೂಬಾಯಿ.”

ಈ ಕಥೆಯಲ್ಲಿ ಹೆಸರಿರುವುದು ಅವಳೊಬ್ಬಳಿಗೇ. ಯಾಕೆಂದರೆ ಕೇಳಿ ತಿಳಿದುಕೊಂಡ ಹೆಸರು ಅದೊಂದೇ.

ಹದಿನೆಂಟು ದಿನದ ಮೇಲೆ, ಬೆಳಿಗ್ಗೆ ಹತ್ತಕ್ಕೆ ನೋವು ಬಂತು. ಸರ್ವೇಯರ ಯಾರದೋ ಹೊಲದಲ್ಲಿ ಯಾರದೋ ಗಡಿ ಅಳೆಯುತ್ತಿದ್ದ. ಹೆಂಡತಿ ಗೋಡೆಯ ಹತ್ತಿರ ನಿಂತು ಒಂದೇ ಸಲ ಕೂಗಿದಳು. ಇಂದೂಬಾಯಿ ಈ ಸಲ ಚಪ್ಪಲಿ ಮೆಟ್ಟಲಿಲ್ಲ, ಬರಿಗಾಲಲ್ಲೇ ಬಂದಳು. ಭುಜಕ್ಕೆ ಭುಜ ಕೊಟ್ಟು, “ಇನ್ನೊಂದೀಟು ತಂಗಿ, ಇನ್ನೊಂದೀಟು” ಎನ್ನುತ್ತ ನಡೆಸಿಕೊಂಡು ಹೋದಳು. ಆ ನಾಲ್ಕುನೂರ ಎಪ್ಪತ್ತು ಹೆಜ್ಜೆಗಳನ್ನು ಎಣಿಸಿದವನು ಅವನು. ನಡೆಸಿದವಳು ಯಾರು? ಹೇಳಿ, ನಡೆಸಿದವಳು ಯಾರು?

ಈಗ ನಿಮ್ಮ ಮಾತಿಗೆ ಬರುತ್ತೇನೆ. ಮೊನ್ನೆ ಒಬ್ಬರು ಬಂದು ಕೇಳಿದರು: ಮಗಳಿಗೆ ಬೇರೆ ಊರಿಗೆ ಆರ್ಡರು ಬಂದಿದೆ, ಯಾವ ಬಡಾವಣೆ ಒಳ್ಳೆಯದು ಬುದ್ಧೀ? ನೀರು ಎಷ್ಟು ದಿನಕ್ಕೊಮ್ಮೆ, ಬಸ್ಸು ಎಷ್ಟು ದೂರ, ಎಲ್ಲ ವಿಚಾರಿಸಿದ್ದರು. ವಿಚಾರಿಸಲಿ, ತಪ್ಪಲ್ಲ. ಆದರೆ ನಾನು ಕೇಳಿದೆ: ತಾಯೀ, ಈಗ ಇರುವ ಓಣಿಯಲ್ಲಿ ನಿಮ್ಮ ಬಲಗಡೆ ಮನೆಯವರ ಹೆಸರೇನು? ಅವರಿಗೂ ಗೊತ್ತಿರಲಿಲ್ಲ. ನೀವೂ ಈಗ ಪಕ್ಕದವರ ಮುಖ ನೋಡುತ್ತಿದ್ದೀರಿ. ನಾವು ಒಳ್ಳೆಯ ಓಣಿ ಹುಡುಕುತ್ತ ಊರೂರು ತಿರುಗಿ ದಣಿಯುತ್ತೇವೆ. ನಮ್ಮ ಹೆಜ್ಜೆಯ ಸದ್ದಿಗೆ ಯಾರ ಬಾಗಿಲು ಮುಚ್ಚಿತು ಎಂದು ಮಾತ್ರ ತಿರುಗಿ ನೋಡುವುದಿಲ್ಲ. ದೇವರು ಗುಡಿಯಲ್ಲಿ ಕಾಯುತ್ತಾನೆ ನಿಜ, ಪಕ್ಕದ ಗೇಟಿನ ಒಳಗೂ ಕಾಯುತ್ತಾನೆ, ಅಂಜಿಕೊಂಡು.

ಇವತ್ತು ದೊಡ್ಡ ವ್ರತವೇನೂ ಹೇಳುವುದಿಲ್ಲ, ನಿಮಗೂ ದಣಿವಾಗಿದೆ. ಮನೆಗೆ ಹೋಗಿ ನಾಗೊಂದಿಗೆ ನೋಡಿ. ಬೇರೆಯವರ ಮನೆಯ ಒಂದು ಡಬ್ಬಿ, ಒಂದು ತಟ್ಟೆ ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆ ಅದರಲ್ಲಿ ಒಂದು ಹಿಡಿ ಅವಲಕ್ಕಿಯಾದರೂ ಹಾಕಿ ಒಯ್ದು ಕೊಡಿ. ಪಕ್ಕದ ಬಾಗಿಲು ತಟ್ಟಿ. ನಿಮ್ಮ ಹೆಸರು ಹೇಳಿ, ಅವರ ಹೆಸರು ಕೇಳಿ. ಊರು ಬದಲಾದರೆ ಅಲ್ಲಿ ಇಳಿದ ದಿನವೇ ಇದನ್ನು ಮಾಡಿ. ನೋವು ಬಂದ ದಿನಕ್ಕೆ ಕಾಯಬೇಡಿ.

ಆ ಡಬ್ಬಿ ಏನಾಯಿತು ಎನ್ನುತ್ತೀರಾ? ಕೂಸಿಗೆ ಹನ್ನೆರಡು ದಿನ ತುಂಬಿದ ಬೆಳಿಗ್ಗೆ ಇಂದೂಬಾಯಿ ಅದರ ತುಂಬ ಅಂಟಿನ ಉಂಡೆ ಹಾಕಿ ತಂದುಕೊಟ್ಟಳು. ಬಾಣಂತಿಗೆ ನಾಲ್ಕು ತೆಗೆದಿಟ್ಟು, ಉಳಿದದ್ದನ್ನು ಹಿಡಿದು ಸರ್ವೇಯರ ಹಳೆಯ ಓಣಿಗೆ ನಡೆದ. ಈ ಸಲ ಹೆಜ್ಜೆ ಎಣಿಸಲಿಲ್ಲ. ಕಟ್ಟೆಯ ಮೇಲೆ ಅಜ್ಜಿ ಜೋಳ ಹಸನು ಮಾಡುತ್ತಿದ್ದಳು. ಅವನು ಎರಡೂ ಕೈಯಿಂದ ಡಬ್ಬಿ ಅವಳ ಮುಂದಿಟ್ಟ. ಅವಳು ಒಳಗೆದ್ದು ಹೋಗಿ ಮುಚ್ಚಳ ತಂದು, ಡಬ್ಬಿಯ ಬಾಯಿಗೆ ಒತ್ತಿ ಮುಚ್ಚಿದಳು.