ಗೋಡೌನಿನ ಸ್ಪೀಕರುಗಳು ಸುಟ್ಟ ಬಗ್ಗೆ ದರ್ಜಿಯ ಎರಡನೇ ಹೇಳಿಕೆ

ಹೆಸರು ಮೊದಲ ದೂರಿನಲ್ಲಿ ಇರುವಂತೆಯೇ. ವಯಸ್ಸು 47 ವರ್ಷ. ವೃತ್ತಿ ದರ್ಜಿ. ಓದು ಆರನೇ ತರಗತಿ ಪಾಸು, ಏಳನೆಯದು ಅರ್ಧಕ್ಕೆ ನಿಂತದ್ದು. ವಾಸ ಬಸ್ ಡಿಪೋ ಹಿಂದಿನ ರಸ್ತೆ, ಬಣ್ಣದ ಅಂಗಡಿಯ ಮೇಲಿನ ಎರಡು ಕೋಣೆ. ರಸ್ತೆಯಲ್ಲಿ ನನ್ನನ್ನು ಫ್ಯೂಸು ಮಾಸ್ತರ ಎನ್ನುತ್ತಾರೆ. ಮನೆ ಅಥವಾ ಅಂಗಡಿ ಬಿಟ್ಟು ಹೊರಡುವಾಗ ಅಲ್ಲಿಯ ಮೇನ್ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಹೋಗುವ ಅಭ್ಯಾಸ ನನಗಿದ್ದು, ಅದರಿಂದ ಈ ಹೆಸರು ಬಂದಿರುತ್ತದೆ. ಹೆಸರಿಟ್ಟವರು ನನ್ನ ಭಾವ, ಅಂದರೆ ನನ್ನ ಸ್ವಂತ ಅಕ್ಕನ ಗಂಡ, ವಯಸ್ಸು 56, ಲಾರಿ ಓಡಿಸಿ ನಿವೃತ್ತರಾದವರು. ಸದರಿ ಭಾವನ ಮೇಲೆಯೇ ನಾನು ಈ ತಿಂಗಳ 12ನೇ ತಾರೀಖು ದೂರು ಕೊಟ್ಟಿದ್ದೆ. ಅವರು ಇಂದು ಬೆಳಿಗ್ಗೆ 10.10ರಿಂದ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಅವರನ್ನು ಬಿಡುವುದು ನನ್ನ ಈ ಹೇಳಿಕೆಯ ಮೇಲಿದೆ ಎಂದು ಸಾಹೇಬರು ಹೇಳಿದ್ದರಿಂದ, ಈ ಮೂಲಕ ಮತ್ತೊಮ್ಮೆ, ಈ ಸಲ ಪೂರ್ತಿಯಾಗಿ, ತಿಳಿಸುವುದೇನೆಂದರೆ,

ನನ್ನ ಅಕ್ಕ ಹೆಂಗಸರಿಗೆ ಕುಣಿತದ ವ್ಯಾಯಾಮ ಕಲಿಸುತ್ತಾಳೆ. ಒಂಬತ್ತು ವರ್ಷ ನನ್ನ ಅಂಗಡಿಯ ಪಕ್ಕದ ಹನ್ನೆರಡು ಅಡಿ ಕೋಣೆಯಲ್ಲಿ ಕಲಿಸಿದಳು. ಒಬ್ಬರು ಕೈ ಚಾಚಿದರೆ ಇನ್ನೊಬ್ಬರ ಮೂಗಿಗೆ ತಾಗುತ್ತಿತ್ತು. ಈ ತಿಂಗಳ 1ನೇ ತಾರೀಖಿನಿಂದ ಹಳೆಯ ಕಾಗದದ ಗೋಡೌನು ಸಿಕ್ಕಿತು. ಗೋಡೌನಿನ ಯಜಮಾನರು 14ನೇ ತಾರೀಖಿನವರೆಗೆ ನೋಡೋಣ ಎಂದರು. 14ರಂದು ತಾವೇ ಬಂದು ನಿಲ್ಲುವುದಾಗಿಯೂ, ತರಗತಿ ಸರಿಯಾಗಿ ನಡೆದರೆ ಅಕ್ಕನಿಗೆ, ಇಲ್ಲವಾದರೆ ಹಾಸಿಗೆ ಅಂಗಡಿಯವರಿಗೆ ದಾಸ್ತಾನಿಗೆ ಕೊಡುವುದಾಗಿಯೂ ತಿಳಿಸಿದರು. 14 ಎಂದರೆ ಇಂದು. ತರಗತಿ ಸಂಜೆ 4ಕ್ಕೆ.

ಹಾಡು ಹಾಕುವ ಸೆಟ್ಟು ಆರಿಸುವ ಕೆಲಸವನ್ನು, ಅಂದರೆ ಆಂಪ್ಲಿಫೈಯರು ಮತ್ತು ಸ್ಪೀಕರು ಆರಿಸುವ ಕೆಲಸವನ್ನು, ಅಕ್ಕ ನನಗೆ ಒಪ್ಪಿಸಿದಳು. ಭಾವ ಕೈಗೆ ಸಿಕ್ಕಿದ್ದು ತರುತ್ತಾರೆ, ತಮ್ಮನಾದರೆ ನೂರು ಸಲ ಯೋಚಿಸುತ್ತಾನೆ ಎಂದು ಎಲ್ಲರ ಮುಂದೆ ಹೇಳಿದಳು. ನಾನು ನೂರಕ್ಕಿಂತ ಹೆಚ್ಚು ಸಲ ಯೋಚಿಸಿದ್ದೇನೆ. ಅದೇ ತೊಂದರೆ ಆಗಿರುತ್ತದೆ.

2ನೇ ತಾರೀಖು ಸೋಮವಾರ ಬೆಳಿಗ್ಗೆ 10.30ಕ್ಕೆ ಗೋಡೌನನ್ನು ನನ್ನ ಹೊಲಿಗೆ ಟೇಪಿನಿಂದ ಅಳೆದೆ. ಟೇಪು ಐದು ಅಡಿಯದು. ಉದ್ದ ಹದಿನಾಲ್ಕು ಟೇಪು ಮತ್ತು ಎರಡು ಅಡಿ, ಅಂದರೆ 72 ಅಡಿ. ಅಗಲ ಎಂಟು ಟೇಪು, 40 ಅಡಿ. ಎತ್ತರಕ್ಕೆ ಬಿದಿರಿನ ಗಳ ಕಟ್ಟಿ ನೋಡಿದಾಗ ಹದಿನೆಂಟು ಅಡಿ ಚಿಲ್ಲರೆ. ಮೇಲೆ ತಗಡು. ನಾನು ನೆಲದ ಮೇಲೆ ಮಂಡಿಯೂರಿದ್ದಾಗ ಭಾವ ಬಾಗಿಲಲ್ಲಿ ನಿಂತು, "ಏನಯ್ಯಾ ಭಾಮೈದ, ಗೋಡೌನಿಗೆ ಪ್ಯಾಂಟು ಹೊಲೀತೀಯೇನು? ಸೊಂಟದ ಅಳತೆ ತಗೊಂಡ್ಯಾ?" ಎಂದರು. ಈ ಮಾತು ಪ್ರಕರಣಕ್ಕೆ ಬೇಡ ಎಂದು, ಇದನ್ನು ಬರೆದುಕೊಳ್ಳುತ್ತಿರುವ ಠಾಣೆಯ ರೈಟರು ಹೇಳಿದರು. ನನ್ನ ಮನಸ್ಸಿನಲ್ಲಿ ಸಿಟ್ಟು ಅಲ್ಲಿಂದಲೇ ಶುರುವಾದದ್ದರಿಂದ ಬರೆದುಕೊಳ್ಳಲೇಬೇಕೆಂದು ಕೇಳಿಕೊಂಡೆ.

3ನೇ ತಾರೀಖು ಮಂಗಳವಾರ 11.15ಕ್ಕೆ ನಾನೂ ಭಾವನೂ ಡಿಪೋದಿಂದ ಸುಮಾರು 600 ಮೀಟರು ದೂರದ ಸೌಂಡ್ ಅಂಗಡಿಗೆ ಹೋದೆವು. ಅಂಗಡಿಯವರು ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಸಣಕಲು ಮನುಷ್ಯ. ಅಳತೆ ಕೇಳಿದರು, ಎಷ್ಟು ಜನ ಎಂದು ಕೇಳಿದರು. ನಲವತ್ತು ಎಂದೆ. ಖಾಲಿ ಗೋಡೌನಿನಲ್ಲಿ ಕೇಳಿ ಮೋಸ ಹೋಗಬಾರದೆಂದು ಅವರು ಎಚ್ಚರಿಸಿದರು. ಮೈ, ಬಟ್ಟೆ, ಕಾಲಿನ ಸದ್ದು ಎಲ್ಲ ಸೇರಿ ಹಾಡನ್ನು ನುಂಗುತ್ತವೆ, ಸ್ಪೀಕರನ್ನು ನೆಲದ ಮೇಲೆ ಇಡದೆ ಸ್ಟ್ಯಾಂಡಿನ ಮೇಲೆ ತಲೆಗಿಂತ ಎತ್ತರಕ್ಕೆ ಇಡಿ ಎಂದರು. ನಾನ್ನೂರು ವಾಟ್ ತಡೆಯುವ ಎರಡು ಸ್ಪೀಕರು ತೋರಿಸಿ, ಅವುಗಳಿಗೆ ಒಂದೊಂದು ಕಡೆಗೆ ಆರುನೂರು ವಾಟ್ ಕೊಡುವ ಆಂಪ್ಲಿಫೈಯರು ತೆಗೆದುಕೊಳ್ಳಲು ಹೇಳಿದರು.

ನಾನ್ನೂರು ತಡೆಯುವುದಕ್ಕೆ ಆರುನೂರು ಕೊಟ್ಟರೆ ಸುಟ್ಟುಹೋಗುವುದಿಲ್ಲವೇ ಎಂದು ಕೇಳಿದೆ. ದೊಡ್ಡದನ್ನು ಅರ್ಧ ತಿರುಗಿಸಿ ಇಟ್ಟರೆ ಅದು ಆರಾಮವಾಗಿ ಕೆಲಸ ಮಾಡುತ್ತದೆ ಎಂದರು. ಮತ್ತೆ ಕೇಳಿದೆ. ಮತ್ತೆ ಹೇಳಿದರು. ಐದನೇ ಸಲ ಕೇಳಿದಾಗ ಪೆನ್ಸಿಲು ಕಿವಿಯಿಂದ ತೆಗೆದು ಮೇಜಿನ ಮೇಲೆ ಇಟ್ಟರು.

ಭಾವ ನಡುವೆ ಬಾಯಿ ಹಾಕಿ, "ಲೋಡ್ ತುಂಬಿ ಘಾಟಿ ಹತ್ತುವಾಗ ಇಂಜಿನ್ ಸಣ್ಣದಾದ್ರೆ ಏನಾಗತ್ತೆ ಗೊತ್ತೇನೋ? ಗೋಳಾಡತ್ತೆ. ದೊಡ್ಡ ಇಂಜಿನ್ ಸೀಟಿ ಹೊಡ್ಕೊಂಡು ಹತ್ತತ್ತೆ," ಎಂದರು.

ನಾನು ಲಾರಿ ಓಡಿಸಿದವನಲ್ಲ. ನನಗೆ ಗೊತ್ತಿರುವುದು ಬಟ್ಟೆ. ಅಂಗಿ ದೊಡ್ಡದಿದ್ದು ಮೈ ಚಿಕ್ಕದಿದ್ದರೆ ಅಂಗಿ ಎಂದೂ ಹರಿಯುವುದಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಹರಿದದ್ದನ್ನು ಕಂಡಿಲ್ಲ. ಸ್ಪೀಕರು ಅಂಗಿ, ಆಂಪ್ಲಿಫೈಯರು ಮೈ ಎಂದು ಲೆಕ್ಕ ಹಾಕಿ, ನಾನ್ನೂರರ ಸ್ಪೀಕರುಗಳಿಗೆ ನೂರು ವಾಟಿನ ಆಂಪ್ಲಿಫೈಯರು ಆರಿಸಿದೆ. ಅಂಗಡಿಯವರು ಬೇಡ ಎಂದದ್ದು ನಿಜ. ನಾನು ಬೇಕು ಎಂದದ್ದೂ ನಿಜ. ಭಾವ ಅಂಗಡಿಯ ಮೆಟ್ಟಿಲಿನಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ, "ಅದು ಗೋಡೌನಿಗೆ ಸಾಲಲ್ಲ ಕಣೋ, ಸೊಳ್ಳೆಪರದೆ ಒಳಗೆ ಸಾಲತ್ತೆ!" ಎಂದು ಕೂಗಿ ನಡೆದುಹೋದರು. ಹಳೆಯ ದ್ವೇಷ ಎಂದು ಮೊದಲ ದೂರಿನಲ್ಲಿ ನಾನು ಬರೆಸಿದ್ದು ಇದನ್ನೇ.

5ನೇ ತಾರೀಖು ಗುರುವಾರ ಮಧ್ಯಾಹ್ನ 2ಕ್ಕೆ ಎಲ್ಲ ಜೋಡಿಸಲಾಯಿತು. ಖಾಲಿ ಗೋಡೌನಿನಲ್ಲಿ ಹಾಡು ತಗಡು ನಡುಗುವಂತೆ ಕೇಳಿಸಿತು. ಸದ್ದಿನ ತಿರುಗಣೆಯನ್ನು ಹತ್ತರಲ್ಲಿ 4ನೇ ಅಂಕಿಗೆ ನಿಲ್ಲಿಸಿ, ಹೊಲಿಗೆಯ ಸೀಮೆಸುಣ್ಣದಿಂದ ಗೆರೆ ಎಳೆದು, ಇದನ್ನು ಯಾರೂ ದಾಟಕೂಡದು ಎಂದು ಹೇಳಿದೆ. ಸದ್ದು ಏರಿದಾಗ ಆಂಪ್ಲಿಫೈಯರಿನ ಮುಂಭಾಗದಲ್ಲಿ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿತ್ತು. ಅದನ್ನು ಕಂಡರೆ ನನಗೆ ಹೆದರಿಕೆಯಾಗುತ್ತಿತ್ತು. ಧೂಳೂ ಬೀಳಬಾರದು, ದೀಪವೂ ಕಾಣಬಾರದು ಎಂದು ಆ ದಿನವೇ ದಪ್ಪ ಕ್ಯಾನ್ವಾಸಿನಲ್ಲಿ, ಒಳಗೆ ಎರಡು ಪದರ ಲೈನಿಂಗ್ ಕೊಟ್ಟು, ಒಂದು ಗವಸು ಹೊಲಿದು ಹಾಕಿದೆ. ತಿರುಗಣೆಗೆ ಮತ್ತು ತಂತಿಗೆ ಮಾತ್ರ, ಗುಂಡಿಗೆ ಬಿಡುವಂತೆ, ಕಾಜಾ ಬಿಟ್ಟಿದ್ದೆ. ಅಂಚಿಗೆ ಎರಡು ಸಾಲು ಹೊಲಿಗೆ.

7ನೇ ತಾರೀಖು ಶನಿವಾರ ಸಂಜೆ 4ಕ್ಕೆ ಮೊದಲ ತರಗತಿ. ಮೂವತ್ತನಾಲ್ಕು ಹೆಂಗಸರು ಬಂದರು. 4.05ಕ್ಕೆ ಅವರು ಹೆಜ್ಜೆ ಹಾಕಲು ಶುರುಮಾಡಿದ ಕೂಡಲೇ ಹಾಡು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹಿಂದಿನ ಸಾಲಿನ ಅಂಚೆ ಕಚೇರಿಯ ಹೆಂಗಸು, "ಅಕ್ಕೋರೇ, ನಮಗೆ ಹಾಡನ್ನ ಕಾಗದದಲ್ಲಿ ಬರೆದು ಕಳಿಸಿಬಿಡಿ, ಬೇಗ ಬರತ್ತೆ," ಎಂದರು. ಎಲ್ಲರೂ ನಕ್ಕರು. ಅಕ್ಕ ನನ್ನ ಕಡೆ ನೋಡಿ, "ಲೋ, ಏರಿಸೋ!" ಎಂದಳು. ನಾನೇ ಗೆರೆ ಅಳಿಸಿ 6ಕ್ಕೆ ಹೊಸ ಗೆರೆ ಎಳೆದೆ. 4.20ಕ್ಕೆ 8. ನಂತರ 9ನೇ ತಾರೀಖು ಸೋಮವಾರದ ತರಗತಿಯಲ್ಲಿ 9. ಗೆರೆಗಳನ್ನು ಏರಿಸಿದವನು ನಾನೇ. ಬೇರೆ ಯಾರೂ ಮುಟ್ಟಿಲ್ಲ. ಮೊದಲ ದೂರಿನಲ್ಲಿ ಇದನ್ನು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

11ನೇ ತಾರೀಖು ಬುಧವಾರ ಹಾಡು ತಗಡು ಹರಿದಂತೆ ಕೇಳುತ್ತಿತ್ತು. ಅಕ್ಕ ಹಾಡಿನ ಮೇಲೆ ಕೂಗಿ ಕೂಗಿ ಅವಳ ದನಿ ಬಿದ್ದುಹೋಯಿತು. ಸಂಜೆ 5.10ಕ್ಕೆ ತರಗತಿ ಮುಗಿಯಿತು. ಮುಂದಿನ ತರಗತಿಗೆ ಹೆಜ್ಜೆ ತಿದ್ದಿಕೊಳ್ಳಬೇಕೆಂದು ಅಕ್ಕ ಇಬ್ಬರನ್ನು ಉಳಿಸಿಕೊಂಡು ಹಾಡು ಹಾಕಿಯೇ ಇಟ್ಟಿದ್ದಳು. ನಾನು 5.25ಕ್ಕೆ ದಾರದ ಉಂಡೆ ತರಲು ಹೋಗಿ 5.50ಕ್ಕೆ ಮರಳಿದೆ. ಅಕ್ಕ ಮನೆಗೆ ಹೋಗಿದ್ದಳು. ಗೋಡೌನಿನಲ್ಲಿ ಸುಟ್ಟ ವಾಸನೆ ಇತ್ತು. ನಾನು ಹೊಲಿದ ಗವಸು ಕುರ್ಚಿಯ ಮೇಲೆ ನಾಲ್ಕು ಮಡಿಕೆಯಾಗಿ ಕೂತಿತ್ತು. ತಿರುಗಣೆ 2ರಲ್ಲಿ ಇತ್ತು, ಸೀಮೆಸುಣ್ಣದ ಗೆರೆ ಅಳಿಸಿತ್ತು. ಎರಡೂ ಸ್ಪೀಕರಿನಿಂದ ಕೆಳಗಿನ ಗುಮ್ ಗುಮ್ ಮಾತ್ರ ಬರುತ್ತಿತ್ತು, ಮೇಲಿನ ದನಿ ಇಲ್ಲ. ಪಕ್ಕದಲ್ಲಿ ಭಾವ, ಕೈಯಲ್ಲಿ ಸ್ಕ್ರೂಡ್ರೈವರು. ಏನಾಯಿತು ಎಂದು ಕೇಳಿದ್ದಕ್ಕೆ, "ಹೋಯ್ತು ಬಿಡು," ಎಂದರೇ ಹೊರತು ಬೇರೇನೂ ಹೇಳಲಿಲ್ಲ. ಎರಡು ಸಲ ಕೇಳಿದೆ. ಆ ಮನುಷ್ಯ ಜನ್ಮದಲ್ಲಿ ಮೊದಲ ಬಾರಿ ಬಾಯಿ ಮುಚ್ಚಿಕೊಂಡು ನಿಂತದ್ದು ಅಂದೇ. ತಪ್ಪು ಮಾಡಿದವನೇ ಸುಮ್ಮನಿರುತ್ತಾನೆ ಎಂದುಕೊಂಡೆ.

12ನೇ ತಾರೀಖು ಬೆಳಿಗ್ಗೆ 9.05ಕ್ಕೆ ಬಂದು, ಭಾವ ತನ್ನ ಮಾತು ನಡೆಯದ ಹೊಟ್ಟೆಕಿಚ್ಚಿಗೆ ಬೇಕೆಂದೇ ಸ್ಪೀಕರು ಕೆಡಿಸಿದ್ದಾರೆ ಎಂದು ದೂರು ಕೊಟ್ಟೆ. ಇದು ತಿಳಿದ ಅಕ್ಕ ಅಂದಿನಿಂದ ನನ್ನೊಡನೆ ಮಾತಾಡಿಲ್ಲ. ನನ್ನ ಅಂಗಡಿಗೆ ಹೊಲಿಯಲು ಕೊಟ್ಟಿದ್ದ ತನ್ನ ರವಿಕೆಯನ್ನು, ಒಂದು ತೋಳು ಹಚ್ಚಿದ್ದು ಒಂದು ತೋಳು ಹಚ್ಚದ್ದು, ಹಾಗೆಯೇ ತೆಗೆದುಕೊಂಡು ಹೋದಳು.

ಇಂದು 14ನೇ ತಾರೀಖು ಬೆಳಿಗ್ಗೆ 11.20ಕ್ಕೆ ಪೇದೆಯವರು ಸೌಂಡ್ ಅಂಗಡಿಯವರನ್ನು ಗೋಡೌನಿಗೆ ಕರೆತಂದರು. ನಾನೂ ಅಕ್ಕನೂ ಇದ್ದೆವು, ಒಬ್ಬರಿಗೊಬ್ಬರು ಹದಿನೈದು ಅಡಿ ದೂರದಲ್ಲಿ. ಅಂಗಡಿಯವರು ಸ್ಪೀಕರು ಬಿಚ್ಚಿ, ಮೇಲಿನ ದನಿ ಕೊಡುವ ಸಣ್ಣ ಭಾಗದಲ್ಲಿ ಕೂದಲಿಗಿಂತ ತೆಳುವಾದ ತಂತಿ ಸುಟ್ಟದ್ದನ್ನು ತೋರಿಸಿದರು. ಯಾರೂ ಚುಚ್ಚಿಲ್ಲ, ಕುಯ್ದಿಲ್ಲ ಎಂದರು. ನೂರು ವಾಟಿನದನ್ನು ಅದರ ಗಂಟಲಿಗೆ ಮೀರಿ ಕೂಗಿಸಿದರೆ ಹಾಡಿನ ತಲೆಯೇ ಕತ್ತರಿಸಿಹೋಗುತ್ತದೆ, ಆ ಹರಿದ ಸದ್ದೇ ತಂತಿ ಸುಡುತ್ತದೆ, ನಿಲ್ಲಿಸಿ ಎಂದು ಹೇಳಲಿಕ್ಕೇ ಕೆಂಪು ದೀಪ ಇರುವುದು, ಅದು ಕಾಣಲಿಲ್ಲವೇ ಎಂದು ಕೇಳಿದರು. ಆಮೇಲೆ ಗವಸನ್ನು ಎತ್ತಿ ಹಿಡಿದರು. ಒಳಗಿನ ಲೈನಿಂಗು ಕಂದು ತಿರುಗಿತ್ತು. ಆಂಪ್ಲಿಫೈಯರು ಉಸಿರಾಡುವ ಕಿಂಡಿಗಳನ್ನೆಲ್ಲ ಇದು ಮುಚ್ಚಿತ್ತು, ಯಾರೋ ಸಮಯಕ್ಕೆ ತೆಗೆದು ಸದ್ದು ಇಳಿಸದಿದ್ದರೆ ಕ್ಯಾನ್ವಾಸಿಗೇ ಬೆಂಕಿ ಹತ್ತುತ್ತಿತ್ತು ಎಂದರು. ಗೋಡೆಯುದ್ದಕ್ಕೂ ಹಳೆಯ ಕಾಗದದ ಚೂರು ಇನ್ನೂ ಇದೆ.

"ಹೊಲಿಗೆ ಮಾತ್ರ ಚೆನ್ನಾಗಿದೆ," ಎಂದೂ ಹೇಳಿದರು.

ಅಕ್ಕ ನನ್ನನ್ನು ನೋಡಿ, ಗವಸನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟಳು. ಬಯ್ದಿದ್ದರೆ ಚೆನ್ನಾಗಿತ್ತು.

ಅಂಗಡಿಯವರು 12.45ಕ್ಕೆ ಸುಟ್ಟ ಭಾಗ ಬದಲಾಯಿಸಿ, ಆರುನೂರರ ಆಂಪ್ಲಿಫೈಯರನ್ನು ತಂದಿಟ್ಟು, ಜೋಡಿಸಲು ಭಾವನಿಗೆ ಬರುತ್ತದೆ ಎಂದು ತಿಳಿದು ಬೇರೆ ಕೆಲಸಕ್ಕೆ ಹೋದರು. ಭಾವ ಠಾಣೆಯ ಬೆಂಚಿನ ಮೇಲಿದ್ದಾರೆ ಎಂದು ನಾನು ಅವರಿಗೆ ತಿಳಿಸಿರುವುದಿಲ್ಲ. ನಾನು 1.15ಕ್ಕೆ ಗೋಡೌನು ಬಿಟ್ಟು 1.40ಕ್ಕೆ ಇಲ್ಲಿಗೆ ಬಂದೆ. ಬೆಂಚಿನ ಬಳಿ ನಿಂತು, ಅಂದೇ ಯಾಕೆ ಹೇಳಲಿಲ್ಲ, ಪೊಲೀಸರಿಗಾದರೂ ಯಾಕೆ ಹೇಳಲಿಲ್ಲ ಎಂದು ಭಾವನನ್ನು ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ. ತಪ್ಪು ನನ್ನದಾದರೂ ಸಿಟ್ಟು ಹೋಗಿರಲಿಲ್ಲ.

ಅವರು ಹೇಳಿದ್ದನ್ನು ಇದ್ದಂತೆಯೇ ಬರೆಸುತ್ತಿದ್ದೇನೆ: "ನಿಮ್ಮಕ್ಕ ಅಷ್ಟು ಜನ ಹೆಂಗಸರ ಮುಂದೆ ಹೇಳ್ಕೊಂಡಿದ್ಳು ಕಣೋ, ನನ್ನ ತಮ್ಮ ಆರಿಸಿದ್ದು, ನೋಡ್ತಾ ಇರಿ ಅಂತ. ಈಗ ನಾನು ಹೋಗಿ, ನಿನ್ನ ತಮ್ಮನೇ ಸುಟ್ಟ ಅನ್ಲಾ? ನಾನು ಸುಟ್ಟೆ ಅಂದ್ಕೊಂಡ್ರೆ ಎರಡು ದಿನ ಬಯ್ತಾಳೆ, ಮೂರನೇ ದಿನ ಊಟಕ್ಕೆ ಕರೀತಾಳೆ. ನಂಗೆ ಅಭ್ಯಾಸ ಇದೆ. ನಿಂಗೆ ಬಯ್ಸಿಕೊಂಡು ಗೊತ್ತಿಲ್ಲ, ವರ್ಷಗಟ್ಟಲೆ ಕೊರಗ್ತೀಯ. ನೀನು ದೂರೇ ಕೊಡ್ತೀಯ ಅಂತ ನನಗೇನು ಕನಸು ಬಿದ್ದಿತ್ತೇ, ಮಂಕೇ!"

ದೂರನ್ನು ಹರಿದುಹಾಕಿ ಎಂದು ನಾನು ಒಳಗೆ ಬಂದು ಕೇಳಿದೆ. ಬರೆದದ್ದು ಬಟ್ಟೆಯಲ್ಲ, ಬಿಚ್ಚಿ ಹೊಲಿಯಲು ಬರುವುದಿಲ್ಲ, ಬೇಕಿದ್ದರೆ ಇನ್ನೊಂದು ಹೇಳಿಕೆ ಕೊಡಿ ಎಂದು ರೈಟರು ಹೇಳಿದರು. ಅದಕ್ಕಾಗಿ 2.30ರಿಂದ ಈ ಹೇಳಿಕೆ. ನನ್ನ ಭಾವ ಸ್ಪೀಕರು ಕೆಡಿಸಿಲ್ಲ. ಗವಸು ತೆಗೆದು ಸದ್ದು ಇಳಿಸಿ ಗೋಡೌನನ್ನು ಉಳಿಸಿದ್ದಾರೆ. ಸ್ಕ್ರೂಡ್ರೈವರು ಹಿಡಿದದ್ದು ಏನು ಕೆಟ್ಟಿದೆ ಎಂದು ನೋಡಲಿಕ್ಕೆ. ಸುಟ್ಟದ್ದು ನನ್ನ ಹೆದರಿಕೆ. ಅವರ ಮೇಲೆ ಯಾವ ಕ್ರಮವೂ ಬೇಡ.

ಇದನ್ನು ಓದಿ ಹೇಳುವಾಗ 3.25 ಆಗಿತ್ತು. ಆಗ ಅಕ್ಕ ಠಾಣೆಯ ಫೋನಿಗೆ ಕರೆ ಮಾಡಿ, ಗೋಡೌನಿನಲ್ಲಿ ಕರೆಂಟೇ ಇಲ್ಲ, ಹೆಂಗಸರು ಬರತೊಡಗಿದ್ದಾರೆ, ಯಜಮಾನರೂ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಪಕ್ಕದ ಮನೆಗಳಲ್ಲೆಲ್ಲ ದೀಪ ಉರಿಯುತ್ತಿದೆ ಎಂದು ಪೇದೆಯವರಿಗೆ ಹೇಳಿದಳು. ನಾನು ಜೇಬು ಮುಟ್ಟಿ ನೋಡಿಕೊಂಡೆ. 1.15ಕ್ಕೆ ಹೊರಡುವಾಗ ಕಿತ್ತ ಗೋಡೌನಿನ ಫ್ಯೂಸು ನನ್ನ ಅಂಗಿಯ ಜೇಬಿನಲ್ಲೇ ಇರುತ್ತದೆ. ನಾನು ನಡೆದರೆ ಇಪ್ಪತ್ತೈದು ನಿಮಿಷ ಬೇಕು. ಭಾವನಾದರೆ ಹತ್ತು ನಿಮಿಷದಲ್ಲಿ ಮುಟ್ಟುತ್ತಾರೆ. ಆದ್ದರಿಂದ ನನ್ನ ಸಹಿಗೂ ಮೊದಲು ಅವರನ್ನು ಬೆಂಚಿನಿಂದ ಬಿಡಬೇಕೆಂದು ಬೇಡಿಕೊಂಡೆ. ಸಾಹೇಬರು ಒಪ್ಪಿದರು. ಫ್ಯೂಸನ್ನು ನಾನೇ ಭಾವನ ಕೈಗೆ ಕೊಟ್ಟಿರುತ್ತೇನೆ. ನನ್ನ ಫ್ಯೂಸನ್ನು ಬೇರೆಯವರ ಕೈಗೆ ಕೊಟ್ಟದ್ದು ಇದೇ ಮೊದಲು.

ಮೇಲೆ ಬರೆಸಿದ್ದನ್ನು ಎರಡು ಸಲ ಓದಿಸಿ ಕೇಳಿದ್ದೇನೆ. ಮೊದಲ ದೂರಿನಲ್ಲಿ ನನಗೆ ತೋಚಿದ್ದನ್ನು ಹೇಳಿದ್ದೆ, ಇದರಲ್ಲಿ ನಡೆದದ್ದನ್ನು ಹೇಳಿದ್ದೇನೆ. ಇದೇ ಸತ್ಯ.

ಸ್ಥಳ: ಪೊಲೀಸ್ ಠಾಣೆ, ರೈಟರ ಮೇಜು
ದಿನಾಂಕ: 14, ಶನಿವಾರ, ಸಂಜೆ 4.05

(ಸಹಿ) ದರ್ಜಿ, ಬಸ್ ಡಿಪೋ ಹಿಂದಿನ ರಸ್ತೆ

ಸಹಿಯ ನಂತರ ಹೇಳಿಕೆದಾರರ ಕೋರಿಕೆಯಂತೆ ಸೇರಿಸಿದ್ದು: ಸಹಿ ಮಾಡುವಾಗ ಗೋಡೌನಿನ ಕಡೆಯಿಂದ ಹಾಡು ಠಾಣೆಯವರೆಗೆ ಕೇಳಿಸಿತು. ಸದ್ದು ಸ್ವಲ್ಪ ಜಾಸ್ತಿಯಾಯಿತು ಎಂದು ಹೇಳಿಕೆದಾರರು ಅಭಿಪ್ರಾಯಪಟ್ಟರು.